ಗೋಡೆಗೆ ಇಳಿಯದ ಹಾಳೆ

ನಮ್ಮ ಮನೆಯ ಮಾಲೀಕರು ತೀರಿಕೊಂಡ ಸುದ್ದಿ ಬಂದಾಗ ನಾನು ಯಲಹಂಕದ ಕಾಲೇಜಿನಲ್ಲಿ ಇಟಲಿಯ ಹಳೆಯ ಭಿತ್ತಿಚಿತ್ರಗಳ ಪಾಠ ಮಾಡುತ್ತಿದ್ದೆ. ಫೋನ್ ಮಾಡಿದವರು ಅವರ ಅಣ್ಣನ ಮಗ. "ಮೇಷ್ಟ್ರೇ, ಚಿಕ್ಕಪ್ಪ ಹೋಗ್ಬಿಟ್ರು. ಬೇಗ ಬನ್ನಿ" ಎಂದಷ್ಟೇ ಹೇಳಿ ಇಟ್ಟರು. ನಾನು ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ಹೊರಟೆ. ಆ ಅರ್ಧ ಪಾಠದಲ್ಲಿ ಸರಿಯಾಗಿದ್ದ ಮಾತುಗಳೆಲ್ಲ ಅವರಿಂದ ಕಲಿತವು, ತಪ್ಪಾಗಿದ್ದವು ನನ್ನ ಸ್ವಂತದವು. ಈ ಬರಹವೂ ಹಾಗೆಯೇ ಇರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ನಲವತ್ತು ವರ್ಷ ದೇವಸ್ಥಾನಗಳ ಗೋಡೆಗೆ ಚಿತ್ರ ಬರೆದರೂ ಒಂದು ಮೂಲೆಯಲ್ಲೂ ತಮ್ಮ ಹೆಸರು ಹಾಕದವರು ಅವರು. ಈಗ ನಾನು ಹಾಕಿದರೆ ಬೈಸಿಕೊಳ್ಳಬೇಕಾಗುತ್ತದೆ. ಹೋದವರು ಹೇಗೆ ಬೈಯುತ್ತಾರೆ ಎಂದು ಕೇಳಬೇಡಿ, ಅವರ ಹೆಂಡತಿ ಇನ್ನೂ ಗಟ್ಟಿಯಾಗಿದ್ದಾರೆ. ಎಲ್ಲರ ಹಾಗೆ ನಾನೂ ಅವರನ್ನು ಯಜಮಾನ್ರೇ ಎಂದೇ ಕರೆಯುತ್ತಿದ್ದೆ.

ಕೊಡಿಗೇಹಳ್ಳಿಯಲ್ಲಿ ಎರಡು ಪೇಯಿಂಗ್ ಗೆಸ್ಟ್ ಕಟ್ಟಡಗಳ ಮಧ್ಯೆ ಸಿಕ್ಕಿಕೊಂಡಂತಿರುವ ಹಳೆಯ ಮನೆ ಅವರದು. ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ಒಗೆಯುವ ಕಲ್ಲು. ಮೇಲಿನ ಮಹಡಿಯಲ್ಲಿ ನಾನು ಬಾಡಿಗೆಗೆ ಇದ್ದೇನೆ. ಅವರ ಮನೆತನದ ರಾಗಿ ಹೊಲ, ದ್ರಾಕ್ಷಿ ತೋಟಗಳೆಲ್ಲ ಬಡಾವಣೆಗಳಾಗಿ ಹೋದ ಮೇಲೆ ಅಣ್ಣತಮ್ಮಂದಿರ ಮಕ್ಕಳು ಬಿಲ್ಡರ್‌ಗಳಾದರು. ಇವರೊಬ್ಬರು ಮಾತ್ರ ಅವರು ಕಟ್ಟಿದ ಗೋಡೆಗಳನ್ನು ಸುಮ್ಮನೆ ನೋಡಿಕೊಂಡು, ಅಟ್ಟೂರು, ಇಲ್ಲೇ ಪಕ್ಕದ ಸಿಂಗಾಪುರ, ಇತ್ತ ಹೆಬ್ಬಾಳದವರೆಗೆ ಎಲ್ಲಿ ಗುಡಿ ಕಟ್ಟಿದರೂ ಹೋಗಿ ದೇವರನ್ನು ಬರೆದು ಬರುತ್ತಿದ್ದರು.

ಮೊದಲ ಸಲ ಅವರು ನನ್ನ ಮನೆಯೊಳಗೆ ಬಂದದ್ದು ಗೋಡೆ ನೋಡಲು. ಹಾಲಿನ ಗೋಡೆ ತೇವ ಹೀರಿ ಬಣ್ಣ ಉದುರುತ್ತಿದೆ ಎಂದು ನಾನು ದೂರು ಹೇಳಿದ್ದೆ. ಬೇರೆ ಮಾಲೀಕರಾಗಿದ್ದರೆ ನಾಳೆ ಪೇಂಟರ್ ಕಳಿಸುತ್ತೇನೆ ಎಂದು ಎರಡು ವರ್ಷ ತಳ್ಳುತ್ತಿದ್ದರು. ಇವರು ಆಗಲೇ ಮೇಲೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಕಿವಿ ಇಟ್ಟು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ಆಮೇಲೆ ಬಾಯಿ ತೆರೆದು ಹಾ ಎಂದು ಬಿಸಿಯುಸಿರು ಬಿಟ್ಟು, ಅಲ್ಲಿಯೇ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತರು.

"ಇಲ್ಲಿಂದ ಇಲ್ಲೀಗಂಟ ನೀರ್ ಕುಡ್ದೈತೆ. ಬ್ಯಾಸಿಗೆ ಬರ್ಲಿ, ಆಮ್ಯಾಕೆ ಬಣ್ಣ ಒಡಿಯಾನ. ಈಗ್ ಒಡದ್ರೆ ಉಗಿದಾಕ್ತದೆ" ಎಂದರು. ಗೋಡೆ ಎಂದರೆ ಅವರಿಗೆ ಊಟ ಮಾಡುವ, ಉಗಿಯುವ, ಮುನಿಸಿಕೊಳ್ಳುವ ಪ್ರಾಣಿ.

ಅಷ್ಟರಲ್ಲಿ ಅವರ ಕಣ್ಣು ಪಕ್ಕದ ಗೋಡೆಗೆ ತೂಗುಹಾಕಿದ್ದ ಚಿತ್ರದ ಮೇಲೆ ಬಿತ್ತು. ಆ ಚಿತ್ರದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ, ನನ್ನ ಮಾನ ಹೋದದ್ದೇ ಅಲ್ಲಿಂದ.

ಐನೂರು ವರ್ಷದ ಹಿಂದೆ ಇಟಲಿಯ ಯಾರೋ ಒಬ್ಬ ಚಿತ್ರಕಾರ, ಚರ್ಚಿನ ಗೋಡೆಗೆ ಬರೆಯುವ ಮುಂಚೆ ಕಾಗದದ ಮೇಲೆ ಮಾಡಿಕೊಂಡ ಕರಡು ಅದು. ಮಂಡಿಯೂರಿದ ಹೆಂಗಸು, ತಗ್ಗಿಸಿದ ಮುಖ, ಎದೆಯ ಮೇಲೆ ಒಂದು ಕೈ. ದೇವದೂತ ಬಂದು, ನಿನ್ನ ಹೊಟ್ಟೆಯಲ್ಲಿ ದೇವರ ಮಗ ಹುಟ್ಟುತ್ತಾನೆ ಎಂದು ಹೇಳಿದ ಗಳಿಗೆಯ ಮೇರಿ. ದೇವದೂತನಿದ್ದ ಕಡೆ ಕಾಗದ ಹರಿದುಹೋಗಿ ಅವನ ಎರಡು ಬೆರಳು ಮಾತ್ರ ಉಳಿದಿವೆ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಬರೆದ ಗೋಡೆಯನ್ನು ಚರ್ಚು ದೊಡ್ಡದು ಮಾಡುವಾಗ ಕೆಡವಿಬಿಟ್ಟರಂತೆ, ಕರಡು ಮಾತ್ರ ಮ್ಯೂಸಿಯಮ್ಮೊಂದರ ಗಾಜಿನ ಹಿಂದೆ ಇದೆ. ಅದರ ದೊಡ್ಡ ಪ್ರಿಂಟೊಂದನ್ನು ನಾನು ಹಳೆಯ ಪುಸ್ತಕದಿಂದ ಕತ್ತರಿಸಿ ಕಟ್ಟು ಹಾಕಿಸಿದ್ದೆ.

ಮೇರಿಯ ಗೆರೆಗಳ ಉದ್ದಕ್ಕೂ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿವೆ. ಪುಸ್ತಕದಲ್ಲಿ ಅವುಗಳ ಬಗ್ಗೆ ಏನು ಬರೆದಿತ್ತೋ ನಾನು ಓದಿರಲಿಲ್ಲ, ಚಿತ್ರ ಕತ್ತರಿಸುವಾಗ ಹಿಂದಿನ ಪುಟ ಹರಿದುಹೋಗಿತ್ತು. ಓದದಿದ್ದರೇನು, ಪಾಠ ಮಾಡಲು ತೊಂದರೆಯಾಗಲಿಲ್ಲ. ದೈವದ ಎದುರು ನಿಂತ ಕಲಾವಿದನ ಗೆರೆ ನಡುಗಿದೆ, ಆ ನಡುಕವೇ ಈ ಚುಕ್ಕೆಗಳು ಎಂದು ಹನ್ನೊಂದು ವರ್ಷ ಪಾಠ ಮಾಡಿದೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ 'ನಡುಗುವ ಗೆರೆ' ಎಂದು ನಾಲ್ಕು ಪುಟ ಬರೆದೆ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಅವು ತೂತಿನ ಥರ ಕಾಣ್ತಾವಲ್ವಾ?" ಎಂದಳು. "ಕಣ್ಣಿಂದ ನೋಡಬೇಡಮ್ಮಾ, ಮನಸ್ಸಿಂದ ನೋಡು" ಎಂದೆ. ತರಗತಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

"ಇದ್ಯಾವ್ ಊರ್ ಅಮ್ಮ ಮೇಷ್ಟ್ರೇ?" ಎಂದರು ಯಜಮಾನರು.

"ಇಟಲಿ" ಎಂದು ಹೇಳಿ ನಾನು ನಡುಗುವ ಗೆರೆಯ ಪಾಠ ಶುರು ಮಾಡಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು. ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅಂಗಿಯ ಜೇಬಿಗೆ ಕೈ ಹಾಕಿ, ಬೆಂಡಿನ ತುಂಡಿಗೆ ಚುಚ್ಚಿದ್ದ ಸೂಜಿಯೊಂದನ್ನು ತೆಗೆದು ನನ್ನ ಮುಖದ ಮುಂದೆ ಹಿಡಿದರು.

"ಇಂಥದ್ರಲ್ಲಿ ಚುಚ್ಚಿರಾದು. ಚುಚ್ಚಿ, ಗೋಡೆಗಿಟ್ಟು, ಮ್ಯಾಲೆ ಇದ್ಲುಪುಡಿ ಬಡ್ದವ್ರೆ. ತೂತಲ್ಲಿ ಪುಡಿ ಇಳ್ದು ಗೋಡೆ ಮ್ಯಾಲೆ ಚುಕ್ಕಿ ಬೀಳ್ತದೆ. ಚುಕ್ಕಿ ಸೇರ್ಸಿ ಗೆರೆ ಎಳೆಯಾದು. ನಾವೂ ಇಂಗೇ ಮಾಡಾದು ಕಣ್ರೀ" ಎಂದರು. ಆಮೇಲೆ ಬಹಳ ಮೆಚ್ಚುಗೆಯಿಂದ, "ನೋಡಿ, ಬೆರಳತ್ರ ತೂತು ಒತ್ತೊತ್ತಾಗವೆ, ಸೀರೆ ಮ್ಯಾಲೆ ದೂರ ದೂರ. ಗೊತ್ತಿರಾನು" ಎಂದು ಐನೂರು ವರ್ಷದ ಹಿಂದಿನವನಿಗೆ ಸರ್ಟಿಫಿಕೇಟು ಕೊಟ್ಟರು.

ನನ್ನ ನಾಲ್ಕು ಪುಟ ಎರಡು ನಿಮಿಷದಲ್ಲಿ ಮುಗಿದಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ. ಬೇರೆಯೇ ಚಿಂತೆಯಲ್ಲಿದ್ದರು.

"ಅಲ್ಲಾ, ಇದನ್ಯಾಕ್ ಇನ್ನೂ ಮಡಿಕ್ಕೊಂಡವ್ರೆ? ಅಮ್ಮ ಗೋಡೆಗೆ ಇಳೀಲಿಲ್ವಾ?"

"ಇಳಿದಿದ್ಲು. ಆ ಗೋಡೆ ಕೆಡವಿಬಿಟ್ರಂತೆ."

"ಅಯ್ಯೋ ಪಾಪ" ಎಂದರು. ಊರಿನವರೊಬ್ಬರಿಗೆ ಏನೋ ಆದಾಗ ಹೇಳುವ ಪಾಪ ಅದು. "ಗೋಡೇನೂ ಇಲ್ಲ, ನೀರಿಗೂ ಬಿಡ್ಲಿಲ್ಲ. ಅಮ್ಮನ್ನ ಮಧ್ಯದಲ್ಲೇ ನಿಲ್ಸಿಬಿಟ್ಟವ್ರೆ."

ನೀರಿಗೆ ಬಿಡುವುದೆಂದರೆ ಏನು ಎಂದು ನಾನು ತಿಳಿದುಕೊಂಡದ್ದು ಅವರ ಕೆಲಸ ನೋಡಿದ ಮೇಲೆ. ಅವರು ಮೊದಲು ತೆಳು ಕಾಗದದ ಮೇಲೆ ದೇವರನ್ನು ಬರೆಯುತ್ತಿದ್ದರು. ಅದನ್ನು ದಪ್ಪ ಖಾಕಿ ಹಾಳೆಯ ಮೇಲಿಟ್ಟು, ಎರಡರ ಕೆಳಗೂ ಮಡಿಸಿದ ಕಂಬಳಿ ಹಾಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಿದ್ದರು. ಚುಚ್ಚಿ ಮುಗಿದರೆ ಮೇಲಿನ ತೆಳು ಕಾಗದ ಚಿಂದಿ. ಕೆಳಗಿನ ಖಾಕಿ ಹಾಳೆಯಲ್ಲಿ ಒಂದು ಗೆರೆಯೂ ಇಲ್ಲ, ಬರೀ ತೂತು. ಬೆಳಕಿಗೆ ಹಿಡಿದರೆ ಮಾತ್ರ ದೇವರು ಕಾಣುತ್ತಿದ್ದರು. ಗೋಡೆಯ ಮೇಲೆ ಚಿತ್ರ ಮುಗಿದು, ಕೊನೆಗೆ ಕಣ್ಣು ಬರೆದ ದಿನ, ಆ ಹಾಳೆಯನ್ನು ಮನೆಗೆ ತಂದು ಹೊಂಗೆ ಮರದ ಕೆಳಗೆ ಬಕೆಟ್ಟಿನ ನೀರಿನಲ್ಲಿ ನೆನೆಹಾಕುತ್ತಿದ್ದರು. ಮೆತ್ತಗಾದ ಮೇಲೆ ಕಿವುಚಿ, ಆ ಗಂಜಿಯನ್ನು ಮರದ ಬುಡಕ್ಕೆ ಸುರಿಯುತ್ತಿದ್ದರು. ಮೊದಲೆಲ್ಲ ಬಾವಿಗೆ ಬಿಡುತ್ತಿದ್ದರಂತೆ, ಈಗ ಬಾವಿಯ ಮೇಲೆ ಜಿಮ್ ಇದೆ.

"ಒಂದೇ ಒಂದು ಹಾಳೆ ನನಗೆ ಕೊಡಿ ಯಜಮಾನ್ರೇ, ಫ್ರೇಮ್ ಹಾಕಿಸ್ತೀನಿ, ಮಕ್ಕಳಿಗೆ ತೋರಿಸ್ತೀನಿ" ಎಂದು ನಾನು ಎಷ್ಟು ಸಲ ಗೋಗರೆದಿದ್ದೇನೋ ಲೆಕ್ಕವಿಲ್ಲ. "ಅಮ್ಮ ಗೋಡೆಗೆ ಬಂದ್ಮ್ಯಾಲೆ ಕಾಗ್ದದಲ್ಲೇನೈತೆ?" ಎನ್ನುವರು. ಕಲೆಯ ಸಂರಕ್ಷಣೆ ಎಂಬ ವಿಷಯದ ಮೇಲೆ ನಾನು ಮುಕ್ಕಾಲು ಗಂಟೆ ಮಾತಾಡಿದ ದಿನವೂ ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು, ಕೈ ಮಾತ್ರ ಬಕೆಟ್ಟಿನೊಳಗೆ ಕಿವುಚುತ್ತಲೇ ಇತ್ತು.

ದೇವರ ಮುಖಕ್ಕೆ ಅವರು ಕ್ಯಾಲೆಂಡರ್ ನೋಡುತ್ತಿರಲಿಲ್ಲ. ಕ್ಯಾಲೆಂಡರಿನ ದೇವರುಗಳೆಲ್ಲ ಹಲ್ಲುಪುಡಿ ಮಾರುವವರ ಹಾಗೆ ನಗುತ್ತಾರೆ ಎಂದು ಅವರ ತಕರಾರು. ಸಿಂಗಾಪುರದ ಗುಡಿಯೊಂದರ ಅಮ್ಮನಿಗೆ ಅವರು ಹಾಕಿದ್ದು ಅಟ್ಟೂರಿನ ಹಿಟ್ಟಿನ ಗಿರಣಿಯ ಹೆಂಗಸಿನ ಮುಖ. ಆಕೆ ರಾಗಿ ಬೀಸಿಕೊಡುವಾಗ ಬೈಯದೆ ಬಿಟ್ಟ ಗಿರಾಕಿಯಿಲ್ಲ. ಯಾರೋ ಹೇಳಿದರೆಂದು ಆಕೆ ಹೋಗಿ ಗೋಡೆ ನೋಡಿಬಂದಳು. ಆಮೇಲೆ ಎರಡು ತಿಂಗಳು ಗಿರಣಿಯಲ್ಲಿ ಯಾರನ್ನೂ ಬೈಯಲಿಲ್ಲವಂತೆ. "ಆಮ್ಯಾಕೆ?" ಎಂದೆ. "ಆಮ್ಯಾಕ್ ಮಾಮೂಲಿ. ಗಿರಣಿ ನಡೀಬೇಕಲ್ಲ" ಎಂದರು.

ಇಂಥವರ ಬಳಿ ಕಲಿಯಬೇಕೆಂದು ನನಗೆ ಆಸೆಯಾಯಿತು. ಅದು ಕಲಿಯುವ ಆಸೆಯೋ, ಕಲಿತೆ ಎಂದು ಹೇಳಿಕೊಳ್ಳುವ ಆಸೆಯೋ, ನಿಜ ಹೇಳಬೇಕೆಂದರೆ ಎರಡನೆಯದೇ ಜಾಸ್ತಿ. ಭಾನುವಾರಗಳಂದು ಕೆಳಗಿಳಿದು ಕಂಬಳಿಯ ಮೇಲೆ ಕೂತು ಚುಚ್ಚತೊಡಗಿದೆ. ಮೊದಲ ಹಾಳೆ ನೋಡಿ, "ಏನ್ ಮೇಷ್ಟ್ರೇ, ಗಣೇಶನ್ ಮಾಡಿ ಅಂದ್ರೆ ಜರಡಿ ಮಾಡಿಟ್ಟಿದೀರಿ" ಎಂದರು. ಎರಡನೆಯ ಹಾಳೆಯಲ್ಲಿ ಇದ್ದ ಕೆಂಪು ನನ್ನ ಹೆಬ್ಬೆರಳಿನದು. ಅವರ ಹೆಂಡತಿ ಅರಿಶಿನ ಹಚ್ಚುತ್ತಾ, "ಕಾಲೇಜಲ್ಲಿ ಕುಂತು ಪಾಠ ಏಳ್ಕಂಡಿರೋದ್ ಬಿಟ್ಟು ನಿಮಗ್ಯಾಕಪ್ಪಾ ಇದು" ಎಂದರು. ಅವರ ಮಾತು ಕೇಳಬೇಕಿತ್ತು.

ಎರಡು ವರ್ಷದ ಹಿಂದೆ ಊರಮ್ಮನ ಗುಡಿಯನ್ನು ಕೆಡವಿ ಹೊಸದಾಗಿ ಕಟ್ಟಿದರು. ಹಳೆಯ ಗುಡಿಯ ಒಳಗೋಡೆಯಲ್ಲಿ ಯಜಮಾನರು ಇಪ್ಪತ್ತನೇ ವಯಸ್ಸಿನಲ್ಲಿ ಬರೆದ ಅಮ್ಮನಿದ್ದಳು. ಅವರು ಬರೆದ ಮೊದಲ ಗೋಡೆ ಅದು. ಗುಡಿಯ ಸಮಿತಿಗೆ ಅಧ್ಯಕ್ಷರು, ಮುಂದೆ ನನಗೆ ಸಾವಿನ ಸುದ್ದಿ ಹೇಳಿದ, ಬಿಲ್ಡರ್ ಆದ ಆ ಅಣ್ಣನ ಮಗನೇ. ಹೊಸ ಗೋಡೆಗೆ ಕಂಪ್ಯೂಟರಿನಲ್ಲಿ ಚಿತ್ರ ಅಚ್ಚು ಹಾಕಿದ ಟೈಲ್ಸ್ ಅಂಟಿಸುವುದೆಂದು ಅವರು ಗೊತ್ತು ಮಾಡಿದ್ದರು. ಯಾರ ಬಳಿಯೂ ಏನನ್ನೂ ಕೇಳದ ಯಜಮಾನರು ಅವತ್ತು ಕೇಳಿದರು.

"ಆ ಗೋಡೆ ನಂಗ್ ಕೊಡಪ್ಪಾ. ನನ್ನ ಅಮ್ಮನ್ನ ಒಡ್ದಾಕಿದೀರಿ. ಇನ್ನೊಂದ್ ಸಲ ಬರ್ದು ನಿಲ್ಸಿ ಓಗ್ತೀನಿ."

"ಚಿಕ್ಕಪ್ಪ, ನಿಮ್ ಕೈ ನಡುಗ್ತದಲ್ಲಾ" ಎಂದರು ಅಧ್ಯಕ್ಷರು. ನಿಜ. ವರ್ಷದಿಂದ ಅವರ ಬಲಗೈ ಬಟ್ಟಲಲ್ಲಿ ಕಾಫಿ ನಿಲ್ಲಿಸುತ್ತಿರಲಿಲ್ಲ. ನಡುಗುವ ಗೆರೆಯ ಬಗ್ಗೆ ನಾಲ್ಕು ಪುಟ ಬರೆದ ನಾನು ನಿಜವಾಗಿ ನಡುಗುವ ಕೈಯನ್ನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ.

"ನನ್ ಕೈ ನಡುಗಿದ್ರೆ ಮೇಷ್ಟ್ರ ಕೈ ಐತೆ" ಎಂದರು ಅವರು.

ಅಧ್ಯಕ್ಷರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಒಪ್ಪಿಕೊಂಡರು. ಗುಡಿಯ ಪ್ರವೇಶದ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ಕಲಾತಜ್ಞರು ಎಂದು ಅಚ್ಚಾಯಿತು. ಅದರ ಫೋಟೋವನ್ನು ನಾನು ನೆಂಟರಿಗೆಲ್ಲ ಕಳಿಸಿದೆ.

ಆ ಒಂದು ಚಿತ್ರಕ್ಕೆ ಅವರು ಎರಡು ತಿಂಗಳು ಕೂತರು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ಅಂಗುಲ ಅಂಗುಲವಾಗಿ ಗೆರೆ ಎಳೆಯುತ್ತಿದ್ದರು. ಬಲಗೈಯಲ್ಲಿ ತ್ರಿಶೂಲ, ಎಡಗೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತ ಅಮ್ಮ, ನನ್ನಷ್ಟೇ ಎತ್ತರ. ಮುಖ ಯಾರದೆಂದು ಕೇಳಿದೆ. "ನಮ್ಮವ್ವಂದು. ಮೊದ್ಲೂ ಅವ್ಳುದೇ ಇತ್ತು" ಎಂದರು. ಈ ಗೋಡೆ ಅವರಿಗೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಗೊತ್ತಾಗಿಯೂ ನಾನು ಮಾಡಿದ್ದನ್ನು ಮಾಡಿದೆ.

ಶುಕ್ರವಾರ ಪ್ರವೇಶ. ಮಂಗಳವಾರ ಅವರು ಹೆಬ್ಬಾಳದ ಆಸ್ಪತ್ರೆಗೆ ಹೋಗಬೇಕಿತ್ತು. ಆಟೋ ಹತ್ತುವ ಮುಂಚೆ ಖಾಕಿ ಹಾಳೆಯ ಸುರುಳಿಯನ್ನು ನನ್ನ ಕೈಗಿಟ್ಟು ಹೇಳಿದರು: "ತೂತಿನ್ ತರಿ ಇರಾದು ಗೋಡೆ ಕಡೀಕೆ, ನುಣ್ಪು ನಿಮ್ ಕಡೀಕೆ. ಕಣ್ಣಲ್ ಗೊತ್ತಾಗಕಿಲ್ಲ, ಬೆರಳಲ್ ಸವರಿ ನೋಡ್ಕಳಿ. ಪುಡಿ ಬಡ್ದು ಸುಮ್ಕಿದ್ಬುಡಿ. ಬ್ರಷ್ ಮುಟ್ಬ್ಯಾಡಿ. ಪುಡಿ ಆದ್ರೆ ಬಟ್ಟೇಲ್ ಒರಸ್ಬೋದು, ಬಣ್ಣ ಒರಸಕ್ಕಾಗಕಿಲ್ಲ." ಆಟೋ ಹೊರಟ ಮೇಲೂ ತಲೆ ಹೊರಗೆ ಹಾಕಿ, "ಬ್ರಷ್ ಮುಟ್ಬ್ಯಾಡಿ" ಎಂದರು.

ನಾನು ಸವರಿ ನೋಡಿದೆ, ಸರಿಯಾಗಿಯೇ ಅಂಟಿಸಿದೆ. ಇದನ್ನು ಯಾರೂ ನಂಬುವುದಿಲ್ಲ, ಆದರೂ ಬರೆದಿಡುತ್ತೇನೆ. ಆಮೇಲೆ ಫ್ಯಾನಿನ ಗಾಳಿಗೆ ಒಂದು ಮೂಲೆಯ ಟೇಪು ಬಿಟ್ಟು ಇಡೀ ಹಾಳೆ ಕೆಳಗೆ ಬಿತ್ತು. ಏಣಿಯಿಂದ ಇಳಿದು, ಎತ್ತಿ, ಮತ್ತೆ ಅಂಟಿಸಿದೆ. ಎರಡನೆಯ ಸಲ ಸವರಿ ನೋಡಲಿಲ್ಲ. ಬಟ್ಟೆಯ ಪೊಟ್ಟಣದಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ತೂತುಗಳ ಮೇಲೆಲ್ಲ ಬಡಿದು ಹಾಳೆ ತೆಗೆದರೆ, ಬಿಳಿ ಗೋಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಮ್ಮ ನಿಂತಿದ್ದಳು. ಫೋಟೋ ತೆಗೆದು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಸೂಪರ್ ಸಾರ್, ಸೂಪರ್ ಸಾರ್ ಎಂದು ಬಂದವು. ಇಂಗ್ಲಿಷ್ ಮೇಷ್ಟ್ರೊಬ್ಬರು, "ಇನ್ನೂ ಗೆರೆ ಎಳೆದಿಲ್ವಾ? ಕಾಯ್ತಾ ಇದೀವಿ" ಎಂದು ಬರೆದರು.

ಇಷ್ಟು ಜನ ಕಾಯುತ್ತಿರುವಾಗ ಸುಮ್ಮನಿರುವುದು ಹೇಗೆ? ಕಾವಿ ಬಣ್ಣದ ಡಬ್ಬಿ ಅಲ್ಲೇ ಇತ್ತು. ಬ್ರಷ್ ಅದ್ದಿ, ಎರಡು ಗಂಟೆ ಹೊತ್ತು ಮೈಮರೆತು, ಅಡಿಯಿಂದ ಮುಡಿಯವರೆಗೆ ಗೆರೆ ಎಳೆದೆ.

ಗುಡಿಯ ಪೂಜಾರಪ್ಪ ಹೂವಿನ ಬುಟ್ಟಿ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ವಾಲಿಸಿ ನೋಡಿದರು. ಆಮೇಲೆ ಬಹಳ ವಿನಯದಿಂದ, "ಸಾರ್, ಅಮ್ಮ ಎಡಚಿನಾ?" ಎಂದು ಕೇಳಿದರು.

ಹಾಳೆ ತಿರುವುಮುರುವಾಗಿತ್ತು. ಎಡಗೈಯಲ್ಲಿ ತ್ರಿಶೂಲ, ಬಲಗೈಯಲ್ಲಿ ಬಟ್ಟಲು. ಗೋಡೆಗೆ ಮೂಗು ತಾಗಿಸಿಕೊಂಡು ಬರೆದ ಕಲಾತಜ್ಞರು ಬ್ರಷ್ ಹಿಡಿದ ಮೇಲೆ ಒಂದು ಸಲವೂ ಹಿಂದೆ ಸರಿದು ನೋಡಿರಲಿಲ್ಲ, ಫೋಟೋ ತೆಗೆದಾಗಲೂ ಯಾವ ಕೈಯಲ್ಲಿ ಏನಿದೆ ಎಂದು ಗಮನಿಸಿರಲಿಲ್ಲ.

ಪೂಜಾರಪ್ಪ ಫೋನ್ ಮಾಡಿದ ಮೇಲೆ ಅಧ್ಯಕ್ಷರು ಬಂದರು, ಹಿಂದೆಯೇ ಸಮಿತಿಯವರು ನಾಲ್ಕು ಜನ. "ಏನಿದು? ಫ್ರೈಡೇ ಓಪನಿಂಗ್ ಇಟ್ಕೊಂಡು ಏನ್ರೀ ಇದು?" ಎಂದು ಅಧ್ಯಕ್ಷರು ಕೂಗಾಡುತ್ತಿದ್ದಾಗ ಆಸ್ಪತ್ರೆಯ ಆಟೋ ಬಂದು ನಿಂತಿತು. ಯಜಮಾನರು ಹೆಂಡತಿಯ ಭುಜ ಹಿಡಿದು ಒಳಗೆ ಬಂದರು. ಗೋಡೆ ನೋಡಿದರು. ಕೆಳಗೆ ಬಿದ್ದಿದ್ದ ಹಾಳೆಯನ್ನು ಎತ್ತಿ, ಎರಡೂ ಕಡೆ ಬೆರಳಲ್ಲಿ ಸವರಿದರು. ಪುಡಿ ಮೆತ್ತಿದ್ದು ತರಿ ಇರುವ ಕಡೆಗೆ. ಅವರಿಗೆ ಎಲ್ಲ ಗೊತ್ತಾಯಿತು. ನನ್ನ ಕಡೆ ನೋಡಲೇ ಇಲ್ಲ.

"ನಾನೇ ಕಣಪ್ಪಾ, ಬೆಳಿಗ್ಗೆ ಹಾಳೆ ತಿರುಗ್ಸಿ ಕೊಟ್ಟಿದ್ದು. ಗೆರೆ ಎಳೀರಿ ಅಂತ ಏಳಿದ್ದೂ ನಾನೇ. ಕಣ್ಣು ಮಂಜಾಗೈತೆ, ತಿಳೀಲಿಲ್ಲ" ಎಂದರು.

ನಾನು ಬಾಯಿ ತೆರೆದೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ. ಆಹ್ವಾನ ಪತ್ರಿಕೆ ಊರ ತುಂಬ ಹಂಚಿಯಾಗಿತ್ತು. ಈ ಬರಹದುದ್ದಕ್ಕೂ ನನ್ನನ್ನೇ ಹಾಸ್ಯ ಮಾಡಿಕೊಂಡು ಬಂದಿದ್ದೇನೆ, ಆದರೆ ಆ ಒಂದು ಗಳಿಗೆಯ ಬಗ್ಗೆ ನನಗೆ ಹಾಸ್ಯ ಹೊಳೆಯುವುದಿಲ್ಲ. ಅದು ಹೇಡಿತನ, ಬೇರೆ ಹೆಸರಿಲ್ಲ.

ಕಾವಿಯ ಮೇಲೆ ಸುಣ್ಣ ಬಳಿದರೆ ಕೆಂಪು ಮತ್ತೆ ಮೇಲಕ್ಕೆ ಹಾಯುತ್ತದೆ, ಕೆರೆದು ಗಾರೆ ಮಾಡಿದರೆ ಶುಕ್ರವಾರಕ್ಕೆ ಒಣಗುವುದಿಲ್ಲ. ಗುರುವಾರ ಟೈಲ್ಸ್ ಬಂತು. ಟೈಲ್ಸಿನ ಅಮ್ಮ ಹಲ್ಲು ಬಿಟ್ಟು ನಗುತ್ತಿದ್ದಳು. ಶುಕ್ರವಾರ ಯಜಮಾನರು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಕೈ ಮುಗಿದು ಬಂದರು.

ಆಮೇಲೆ ಅವರು ಬದುಕಿದ್ದು ಒಂದೂವರೆ ವರ್ಷ. ಅಷ್ಟು ದಿನವೂ ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೇಸಿಗೆ ಬಂದಾಗ ಪ್ರತಿ ಸಲದಂತೆ ನೆನಪಿಟ್ಟುಕೊಂಡು ನನ್ನ ಹಾಲಿನ ಗೋಡೆಗೆ ಬಣ್ಣ ಹೊಡೆಸಿದರು. ಆದರೆ ಅವರ ಅಂಗಿಯ ಜೇಬಿನಲ್ಲಿ ಬೆಂಡು, ಸೂಜಿ ಇರುವುದು ನಿಂತಿತು. ಸುತ್ತಲ ಊರುಗಳಿಂದ ಗೋಡೆಗೆ ಕರೆಯುವವರೂ ನಿಂತರು. ಅಮ್ಮನನ್ನೇ ತಿರುಗಿಸಿ ಬರೆದವರನ್ನು ಯಾರು ಕರೆಯುತ್ತಾರೆ?

ಹನ್ನೊಂದನೇ ದಿನದ ಕಾರ್ಯಕ್ಕೆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಎಲೆ ಹಾಕಿ ಅನ್ನ ಸಾರು ಬಡಿಸಿದ್ದರು. ನನ್ನ ಎದುರು ಕೂತಿದ್ದ ಸಿಂಗಾಪುರದ ನೆಂಟರೊಬ್ಬರು ಪಕ್ಕದವರಿಗೆ, "ಎಂಥಾ ಕೈ ಅದು. ಕೊನೇಗಾಲಕ್ಕೆ ಪಾಪ, ಅಮ್ಮನ್ನೇ ಉಲ್ಟಾ ಬರ್ದ್ಬಿಟ್ರಂತೆ. ಬುದ್ಧಿ ಮಂಕಾಗಿತ್ತು" ಎಂದರು.

ನಾನು ಎದ್ದು ನಿಂತೆ. ಕೈಯೆಲ್ಲ ಅನ್ನ.

"ಅದು ಅವರಲ್ಲ" ಎಂದೆ. "ನಾನು. ಹಾಳೆ ತಿರುಗಿಸಿ ಅಂಟಿಸಿದ್ದು ನಾನು. ಬ್ರಷ್ ಮುಟ್ಟಬೇಡಿ ಅಂತ ಎರಡು ಸಲ ಹೇಳಿ ಹೋಗಿದ್ರು. ಮುಟ್ಟಿದ್ದು ನಾನು." ಶಾಮಿಯಾನದ ಕೆಳಗೆ ಇದ್ದವರೆಲ್ಲ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಅಧ್ಯಕ್ಷರು ಸಾರಿನ ಬಕೆಟ್ ಹಿಡಿದು ನಿಂತಿದ್ದರು. "ಕೂತ್ಕೊಳ್ಳಿ ಮೇಷ್ಟ್ರೇ, ಅನ್ನ ಆರ್ತದೆ" ಎಂದರು. "ಅವತ್ತೇ ಗೊತ್ತಿತ್ತು ನಮಗೆ. ಆ ಗೆರೆ ನೋಡಿದ್ರೆ ಗೊತ್ತಾಗಲ್ವಾ? ಚಿಕ್ಕಪ್ಪನ ಕೈ ಎಷ್ಟೇ ನಡುಗ್ಲಿ, ಅಷ್ಟು ಕೆಟ್ಟದಾಗ್ ಎಳೀತಿರ್ಲಿಲ್ಲ."

ಯಾರೋ ಕಿಸಕ್ಕೆಂದರು. ಒಂದೂವರೆ ವರ್ಷ ಎದೆಯಲ್ಲಿಟ್ಟುಕೊಂಡು ಕೊರಗಿದ ನನ್ನ ಮಹಾಪಾಪ ಊರಿಗೆಲ್ಲ ಅವತ್ತಿನಿಂದಲೇ ಗೊತ್ತಿತ್ತು.

"ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ?" ಎಂದೆ.

"ಅಷ್ಟು ಜನದ ಮುಂದೆ ಅವ್ರು ತಪ್ಪು ನಂದು ಅಂದ್ರು. ಸುಳ್ಳು ಅಂತ ಅವ್ರ ಮುಖಕ್ಕೆ ಹೇಳಕ್ಕಾಗ್ತದಾ? ನೀವೇ ಹೇಳ್ಬೇಕಿತ್ತು" ಎಂದು ಅಧ್ಯಕ್ಷರು ನನ್ನ ಎಲೆಗೆ ಸಾರು ಬಡಿಸಿ ಮುಂದಕ್ಕೆ ಹೋದರು.

ಊಟವಾದ ಮೇಲೆ ಯಜಮಾನರ ಹೆಂಡತಿ ನನ್ನನ್ನು ಒಳಗೆ ಕರೆದು, ಅಟ್ಟದ ಮೇಲಿನ ಸುರುಳಿಯೊಂದನ್ನು ಇಳಿಸಲು ಹೇಳಿದರು. ಬಿಚ್ಚಿದರೆ ಅದೇ ಖಾಕಿ ಹಾಳೆ. ನೀರಿಗೆ ಬಿಟ್ಟಿರಲಿಲ್ಲ. ಅಮ್ಮ ಗೋಡೆಗೆ ಇಳಿದಿರಲಿಲ್ಲವಲ್ಲ. ಹಾಳೆಯ ಒಂದು ಕಡೆ ಕೆಂಪು ಮೇಣದ ಬಳಪದಲ್ಲಿ, ಅಂಕುಡೊಂಕಾದ ದೊಡ್ಡ ಅಕ್ಷರಗಳಲ್ಲಿ 'ಮೇಷ್ಟ್ರ ಕಡೆ' ಎಂದು ಬರೆದಿತ್ತು. ತಿರುಗಿಸಿದೆ. ಆ ಕಡೆ 'ಗೋಡೆ ಕಡೆ' ಎಂದಿತ್ತು.

"ಟೈಲ್ಸ್ ಆಕಿದ್ ವಾರದಲ್ಲೇ ಬರ್ದಿಟ್ರು" ಎಂದರು ಆಕೆ. "ಇನ್ನೊಂದ್ ಗೋಡೆ ಸಿಕ್ರೆ ಮೇಷ್ಟ್ರು ಮಾಡ್ತಾರೆ, ಈ ಸಲ ತಪ್ಪಾಗಬಾರ್ದು ಅಂತಿದ್ರು. ನಾನೇ ಬ್ಯಾಡ ಅಂದೆ, ಆ ಮನುಸನ್ ಕೈಗೆ ಮತ್ ಕೊಡ್ಬ್ಯಾಡಿ ಅಂತ."

ಆಗ ನಾನು ಅತ್ತೆ. ಆಕೆ ಅಳು ಮುಗಿಯುವವರೆಗೆ ಕಾದು, "ಗೋಡೆ ಕೇಳೋಗಿ" ಎಂದರು.

ಅಧ್ಯಕ್ಷರ ಬಳಿ ಹೋಗಿ ಕೇಳಿದೆ. ಗುಡಿಯ ಹಿಂದೆ, ಓಣಿಗೆ ಮುಖ ಮಾಡಿದ ಹೊರಗೋಡೆ ಖಾಲಿ ಇತ್ತು. "ಬ್ರಷ್ ಯಾರ್ ಹಿಡೀತಾರೆ?" ಎಂದು ಮೊದಲು ಕೇಳಿದರು. ನಾನಲ್ಲ ಎಂದ ಮೇಲೆ ಒಪ್ಪಿದರು. ತೂತಿನ ಥರ ಕಾಣ್ತಾವಲ್ವಾ ಎಂದಿದ್ದ ಆ ಹಿಂದಿನ ಬೆಂಚಿನ ಹುಡುಗಿ ಈಗ ಮೇಲ್ಸೇತುವೆಯ ಕಂಬಗಳಿಗೆ ದೊಡ್ಡ ದೊಡ್ಡ ಚಿತ್ರ ಬರೆಯುತ್ತಾಳೆ. ಅವಳನ್ನು ಹುಡುಕಿ ಕರೆದೆ. ಬಂದವಳು ಹಾಳೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, "ಕಣ್ಣಿಂದ ನೋಡ್ಲಾ ಸಾರ್, ಮನಸ್ಸಿಂದ ನೋಡ್ಲಾ?" ಎಂದಳು. ಮರೆತಿರಲಿಲ್ಲ, ಪುಣ್ಯಾತ್ಗಿತ್ತಿ.

ಹಾಳೆ ಅಂಟಿಸಿ ಪುಡಿ ಬಡಿದದ್ದು ಮಾತ್ರ ನಾನು. ಗೋಡೆಗೆ ಕಿವಿ ಇಟ್ಟು ತಟ್ಟಿ ನೋಡಿದೆ, ಏನೂ ಕೇಳಿಸಲಿಲ್ಲ, ಆದರೂ ತಟ್ಟಿದೆ. ಅಕ್ಷರ ಓದಿದೆ, ಬೆರಳಲ್ಲೂ ಸವರಿದೆ. ಇದ್ದಿಲ ಚುಕ್ಕೆಗಳಲ್ಲಿ ಅಮ್ಮ ಮೂಡಿದಾಗ ಏಣಿ ಇಳಿದು ಓಣಿಯ ಆ ತುದಿಗೆ ಹೋಗಿ ನಿಂತು ನೋಡಿದೆ. ಬಲಗೈಯಲ್ಲಿ ತ್ರಿಶೂಲ. ಹುಡುಗಿ ಆರು ದಿನ ಬಣ್ಣ ತುಂಬಿ, ಏಳನೇ ದಿನ ಕಣ್ಣು ಬರೆದಳು. ಯಜಮಾನರ ಹೆಂಡತಿ ಬಂದು ನೋಡಿದರು. "ನಮ್ಮತ್ತೆ" ಎಂದು ಸೆರಗು ಹೊದ್ದುಕೊಂಡರು.

ಇನ್ನು ಆ ಹಾಳೆ. ನಾನು ವರ್ಷಗಟ್ಟಲೆ ಬೇಡಿದ್ದು ಈಗ ನನ್ನ ಕೈಯಲ್ಲೇ ಇತ್ತು. ಹಾಲಿನ ಗೋಡೆಯಲ್ಲಿ ಮೇರಿಯ ಪಕ್ಕ ಜಾಗವೂ ಇತ್ತು. ಸುಳ್ಳೇಕೆ, ಕಟ್ಟು ಹಾಕುವ ಅಂಗಡಿಯವನಿಗೆ ಅಳತೆಯನ್ನೂ ಕಳಿಸಿದ್ದೆ. ಮಕ್ಕಳಿಗೆ ತೋರಿಸಲು ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಮಕ್ಕಳಿಗಲ್ಲ. ಅದರ ಮೇಲೆ ಮೇಷ್ಟ್ರ ಕಡೆ ಎಂದು ಬರೆದಿತ್ತು, ಅದಕ್ಕೆ.

ಕಣ್ಣು ಬರೆದ ದಿನ ಸಂಜೆ ಕೆಳಗಿನಿಂದ ಆಕೆ ಕೂಗಿದರು. "ಮೇಷ್ಟ್ರೇ, ಬಕೆಟ್ ಇಟ್ಟಿದೀನಿ."

ಇಳಿದು ಹೋದೆ. ಹೊಂಗೆ ಮರದ ಕೆಳಗೆ ಕೂತು ಹಾಳೆಯನ್ನು ನೀರಿನಲ್ಲಿ ಮುಳುಗಿಸಿದೆ. ಖಾಕಿ ಕಾಗದ ಬೇಗ ಮೆತ್ತಗಾಯಿತು. ತ್ರಿಶೂಲ ಹೋಯಿತು, ಬಟ್ಟಲು ಹೋಯಿತು, ಅವರ ಅವ್ವನ ಮುಖವೂ ಹೋಯಿತು. ಅಕ್ಷರಗಳದ್ದು ಮೇಣ, ನೀರು ಹತ್ತಲಿಲ್ಲ. 'ಮೇಷ್ಟ್ರ ಕಡೆ' ಎಂಬ ಎರಡು ಪದ ಇದ್ದಷ್ಟು ತುಂಡು ಅಂಗೈಯಲ್ಲಿ ಉಳಿಯಿತು.

ಆಕೆ ಒಗೆಯುವ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. "ಅಮ್ಮ ಗೋಡೆಗೆ ಬಂದಾಯ್ತಲ್ಲ, ಇನ್ನೇನ್ ನೋಡ್ತಾ ಇದೀರಿ? ಕಿವುಚಿ" ಎಂದರು.

ಕಿವುಚಿದೆ.